ಕೊಟ್ಟವನ ಖಾತೆ

ಶಿಡ್ಲಘಟ್ಟದಿಂದ ದಿನಾ ಬಸ್ಸಿನಲ್ಲಿ ಚಿಕ್ಕಬಳ್ಳಾಪುರಕ್ಕೆ ಬಂದು ಬಿ.ಕಾಂ. ಓದಿದವನು ನಾನು. ಆಗಿನ್ನೂ ಇದು ಜಿಲ್ಲೆಯಾಗಿರಲಿಲ್ಲ. 2007ರವರೆಗೂ ನಾವೆಲ್ಲ ಕೋಲಾರ ಜಿಲ್ಲೆಯವರೇ. ವಕೀಲನಾಗುವ ಯೋಚನೆ ಕನಸಲ್ಲೂ ಇರಲಿಲ್ಲ. ಅಪ್ಪ ರೀಲರ್, ಅಂದರೆ ರೇಷ್ಮೆಗೂಡಿನಿಂದ ನೂಲು ತೆಗೆಸುವವರು. ಮಾರ್ಕೆಟ್ಟಿನಲ್ಲಿ ಗೂಡಿನ ಲಾಟು ಹಿಡಿದರೆ ರೈತನಿಗೆ ಅಂದಂದೇ ಕಾಸು ಎಣಿಸಬೇಕು. ನೂಲು ಕೊಂಡ ವ್ಯಾಪಾರಿಯ ದುಡ್ಡು ಮಾತ್ರ ಅವನಿಗೆ ತೋಚಿದಾಗ ಬರುತ್ತಿತ್ತು. ಮನೆಯಲ್ಲಿ ಲೆಕ್ಕ ನೋಡಲು ಒಬ್ಬ ಬೇಕಿತ್ತು, ಅದಕ್ಕೇ ನನ್ನನ್ನು ಕಾಮರ್ಸ್‌ಗೆ ಸೇರಿಸಿದರು.

‘ಪಡೆದವನ ಖಾತೆಗೆ ಡೆಬಿಟ್, ಕೊಟ್ಟವನ ಖಾತೆಗೆ ಕ್ರೆಡಿಟ್’ ಎಂದು ಎಲ್ಲ ಅಕೌಂಟೆನ್ಸಿ ಮೇಷ್ಟ್ರುಗಳೂ ಬಾಯಿಪಾಠ ಮಾಡಿಸುತ್ತಾರೆ. ನಮ್ಮವರು ಅಷ್ಟಕ್ಕೇ ಬಿಡುತ್ತಿರಲಿಲ್ಲ. ಯಾವುದೋ ಮಂಡಿಯಿಂದ ಹಳೇ ಬಿಲ್ಲುಗಳ ಕಟ್ಟು ತಂದು ಬೆಂಚಿಗೊಂದಷ್ಟು ಹಂಚಿ, ‘ಇದರಲ್ಲಿ ಆಮೇಲೆ ಬರೆದು ಸೇರಿಸಿದ್ದು ಯಾವುದು, ಹುಡುಕ್ರಯ್ಯಾ’ ಅನ್ನೋರು. ಶಾಯಿ ನೋಡಬೇಕು, ತಾರೀಖು ನೋಡಬೇಕು, ಕ್ರಮಸಂಖ್ಯೆ ನೋಡಬೇಕು. ಸಿಲಬಸ್ಸಿನಲ್ಲಿ ಇದು ಇರಲಿಲ್ಲ. ಪರೀಕ್ಷೆಗೆ ಉಪಯೋಗವಿಲ್ಲವೆಂದು ನಮ್ಮಲ್ಲಿ ಅರ್ಧ ಜನ ಗೊಣಗುತ್ತಿದ್ದೆವು.

ಆಮೇಲೆ ಬೆಂಗಳೂರು, ಎಲ್‌ಎಲ್‌.ಬಿ., ಒಬ್ಬ ಹಿರಿಯರ ಚೇಂಬರು. ಜೂನಿಯರ್ ಆಗಿದ್ದ ಕಾಲದಲ್ಲಿ ನಾನು ಮಾಡಿದ್ದು ಬಹುಪಾಲು ವಾಯಿದೆ ಕೇಳುವ ಕೆಲಸ. ಬಾಕಿ ವಸೂಲಿಗೆ ದಾವೆ ಹಾಕಿದವನ ಚಪ್ಪಲಿ ಸವೆಯುತ್ತಿತ್ತು, ಬಾಕಿ ಇಟ್ಟವನು ಆರಾಮಾಗಿರುತ್ತಿದ್ದ. 2015ರಲ್ಲಿ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ ಬಂದಾಗ ಅದು 1 ಕೋಟಿ ಮೇಲ್ಪಟ್ಟ ವ್ಯಾಜ್ಯಗಳಿಗಷ್ಟೇ. 2018ರಲ್ಲಿ ಆ ಮಿತಿ 3 ಲಕ್ಷಕ್ಕೆ ಇಳಿಯಿತು. ಸಮನ್ಸ್ ಮುಟ್ಟಿದ 120 ದಿನದೊಳಗೆ ಪ್ರತಿವಾದಿ ಉತ್ತರ ಸಲ್ಲಿಸದಿದ್ದರೆ ಆ ಹಕ್ಕೇ ಹೋಯಿತು. ನ್ಯಾಯಾಧೀಶರಿಗೂ ಗಡುವು ವಿಸ್ತರಿಸಲು ಬರುವುದಿಲ್ಲ. ತುರ್ತು ಪರಿಹಾರ ಬೇಕಿಲ್ಲದಿದ್ದರೆ ಮೊದಲು ಮಧ್ಯಸ್ಥಿಕೆಗೆ ಹೋಗಿ ಬರಬೇಕು. ಎಲ್ಲವೂ ಹೇಳಿದಷ್ಟು ಚುರುಕಾಗಿ ನಡೆಯುತ್ತದೆ ಅಂತ ನಾನೇನೂ ಅನ್ನುವುದಿಲ್ಲ. ಆದರೂ ಅಪ್ಪನ ಕಾಲಕ್ಕೆ ಇಷ್ಟಾದರೂ ಇದ್ದಿದ್ದರೆ ಒಬ್ಬಿಬ್ಬರು ನೂಲಿನ ವ್ಯಾಪಾರಿಗಳನ್ನಂತೂ ನಾನು ಸುಮ್ಮನೆ ಬಿಡುತ್ತಿರಲಿಲ್ಲ.

ಭ್ರಷ್ಟಾಚಾರದ ಕೇಸುಗಳ ಕಡೆ ನಾನು ಹೊರಳಿದ್ದು ಇಂಥದ್ದೇ ಒಂದು ಬಾಕಿ ವಸೂಲಿ ದಾವೆಯಿಂದ. ಹೇಳಬಹುದಾದಷ್ಟು ಮಾತ್ರ ಹೇಳುತ್ತೇನೆ. ಒಂದು ಸಣ್ಣ ಸಲಹಾ ಸಂಸ್ಥೆ ನಮ್ಮ ಕಕ್ಷಿದಾರ ಕಂಪನಿಯ ಮೇಲೆ ಫೀಸು ಬಾಕಿ ಎಂದು ದಾವೆ ಹಾಕಿತ್ತು. ಜೊತೆಗೆ ಲಗತ್ತಿಸಿದ್ದ ಮೂರು ಬಿಲ್ಲುಗಳಿಗೆ ತಿಂಗಳುಗಟ್ಟಲೆ ಅಂತರ, ಆದರೆ ನಂಬರು 17, 18, 19. ಅಂದರೆ ನಡುವೆ ಬೇರೆ ಯಾರಿಗೂ ಒಂದು ಬಿಲ್ಲೂ ಹರಿದಿಲ್ಲ. ಮೂರರಲ್ಲೂ ‘ಅನುಮತಿ ಸಂಬಂಧದ ಸಲಹೆ’ ಎಂಬ ಒಂದೇ ಸಾಲು. ಏನು ಸಲಹೆ ಎಂಬುದಕ್ಕೆ ಒಂದು ಪತ್ರವಿಲ್ಲ, ಒಂದು ವರದಿಯಿಲ್ಲ.

ಪಾಟೀಸವಾಲಿಗೆ ಇದಕ್ಕಿಂತ ಚೆನ್ನಾದ ಸಾಮಗ್ರಿ ಬೇಕೆ ಅನ್ನಿಸಿತು. ರಾತ್ರಿ ಕೂತು ಪ್ರಶ್ನೆ ಬರೆಯತೊಡಗಿದಾಗ ತಣ್ಣಗಾದೆ. ಉದ್ದೇಶ ಕಾನೂನುಬಾಹಿರವಾದರೆ ಕರಾರು ಅನೂರ್ಜಿತ, ಹಣ ವಸೂಲಾಗದು: 1872ರ ಕರಾರು ಕಾಯ್ದೆಯ 23ನೇ ಕಲಂ. ಆದರೆ ಹಾಗೆಂದು ವಾದಿಸಬೇಕಾದರೆ ಆ ಹಣ ಲಂಚವಾಗಿ ಯಾರದೋ ಕೈಸೇರಲು ಹೊರಟಿತ್ತು ಅನ್ನಬೇಕು, ಹಾಗೆ ಕಳಿಸಲು ಹೊರಟವರು ನಮ್ಮವರೇ. ಕಂಪನಿಯ ನಿರ್ದೇಶಕರ ಮಂಡಳಿಗೆ ಹೋಗಿ ಅದನ್ನೇ ಹೇಳಿದೆವು. ಆ ಕೋಣೆಯಲ್ಲಿ ನಮಗೆ ಕಾಫಿ ಬರಲಿಲ್ಲ. ಕೊನೆಗೆ ಅವರು ಒಳತನಿಖೆಗೆ ಒಪ್ಪಿದರು. ಅವರ ಲೆಡ್ಜರಿನಲ್ಲಿ ‘ಇತರೆ ಖರ್ಚು’ ಎಂಬ ಒಂದೇ ಖಾತೆಯನ್ನು ವೋಚರು ವೋಚರಾಗಿ ಬಿಚ್ಚುತ್ತಾ ಹೋದೆವು. ಮುಂದಿನದ್ದು ಕಕ್ಷಿದಾರರ ಗುಟ್ಟು.

ಲಂಚವೆಂದರೆ ನಮ್ಮ ಜನಕ್ಕೆ ಲೋಕಾಯುಕ್ತದ ಟ್ರ್ಯಾಪು: ನೋಟಿಗೆ ಹಚ್ಚಿದ ಫಿನಾಫ್ಥಲೀನ್ ಪುಡಿ, ವಾಷಿಂಗ್ ಸೋಡಾ ಕರಗಿಸಿದ ನೀರಿನಲ್ಲಿ ಕೈ ಅದ್ದಿದರೆ ಗುಲಾಬಿ ಬಣ್ಣ, ಮರುದಿನ ಪತ್ರಿಕೆಯಲ್ಲಿ ಫೋಟೊ. ಅದು ಪಡೆದವನ ಕಥೆ. ಕೊಟ್ಟವನು ಫೋಟೊದಲ್ಲಿ ಇರುವುದಿಲ್ಲ, ದೊಡ್ಡ ಮೊತ್ತವಾದರೆ ನೋಟೂ ಇರುವುದಿಲ್ಲ. 1988ರ ಭ್ರಷ್ಟಾಚಾರ ತಡೆ ಕಾಯ್ದೆಯಲ್ಲಿ ಕೊಟ್ಟವನು ಸಿಕ್ಕಿಬೀಳುತ್ತಿದ್ದದ್ದು ದುಷ್ಪ್ರೇರಣೆಯ ಹೆಸರಿನಲ್ಲಿ. 2018ರ ತಿದ್ದುಪಡಿ ಕೊಡುವುದನ್ನೇ ನೇರ ಅಪರಾಧ ಮಾಡಿತು, 7 ವರ್ಷದವರೆಗೆ ಜೈಲು. ಕಂಪನಿಗೆ ದಂಡ, ಗೊತ್ತಿದ್ದೂ ಒಪ್ಪಿದ ನಿರ್ದೇಶಕನಿಗೂ ಸೆರೆ. ಇದನ್ನು ಕಠೋರ ಎನ್ನುವ ಗೆಳೆಯರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಟೆಂಡರು ಗೆಲ್ಲಲು ತಾನಾಗಿ ಕೊಟ್ಟವನನ್ನೂ ಖಾತೆ ಬದಲಾವಣೆಗೆ ತಿಂಗಳುಗಟ್ಟಲೆ ಅಲೆದು ಸೋತು ಕೊಟ್ಟವನನ್ನೂ ಕಾನೂನು ಒಂದೇ ತಕ್ಕಡಿಯಲ್ಲಿ ತೂಗಿಲ್ಲ. ಬಲವಂತಕ್ಕೆ ಕೊಟ್ಟವನು 7 ದಿನದೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಿದರೆ ಅವನ ಮೇಲೆ ಆ ಅಪರಾಧ ಹೊರಿಸುವಂತಿಲ್ಲ. ಮೊದಲೇ ದೂರು ಕೊಟ್ಟು ಟ್ರ್ಯಾಪಿಗೆ ನೆರವಾದವನಿಗೂ ರಕ್ಷಣೆಯಿದೆ.

ಈ 7 ದಿನದ ವಿಷಯ ಬೆಂಗಳೂರಿನ ಕಂಪನಿಗಳಿಗೆ ಚೆನ್ನಾಗಿ ಗೊತ್ತು; ಅವರಿಗೆ ತರಬೇತಿಯಿದೆ, ಉಡುಗೊರೆ ಬರೆದಿಡಲು ರಿಜಿಸ್ಟರಿದೆ, ನಮ್ಮಂಥವರಿದ್ದೇವೆ. ನಮ್ಮ ಕಡೆಯ ಸಣ್ಣ ಕಂಟ್ರಾಕ್ಟರುಗಳು, ರೀಲರುಗಳು, ಚಿಕ್ಕಬಳ್ಳಾಪುರದ ಕಾಲೇಜಿನ ನನ್ನ ಸಹಪಾಠಿಗಳಲ್ಲೇ ಕೆಲವರು, ಕೊಟ್ಟು ತಿಂಗಳಾದ ಮೇಲೆ ಕೆಲಸವೂ ಆಗಲಿಲ್ಲವೆಂದು ಫೋನು ಮಾಡುತ್ತಾರೆ. ಯಾವಾಗ ಕೊಟ್ಟೆ ಎಂದು ಮೊದಲು ತಾರೀಖು ಕೇಳುತ್ತೇನೆ.