ಆವತ್ತು ಅವನು ಕುಡಿದಿರಲಿಲ್ಲ

18 ಜುಲೈ 2024, ಗುರುವಾರ, ರಾತ್ರಿ

"ಯಾವಾಗ ಬಂದ್ಯೋ?" ಅಂತ ಅಣ್ಣ ಇವತ್ತು ಏಳು ಸಲ ಕೇಳಿದ. ಎಣಿಸಬಾರದು ಅಂದುಕೊಂಡೇ ಹೋಗಿದ್ದೆ. ನೀರು ಕುಡಿಯಲು ಒಳಗೆ ಹೋಗಿ ಬಂದರೂ ಸಾಕು, ತಿಂಗಳಾದ ಮೇಲೆ ನನ್ನನ್ನು ನೋಡಿದವನ ಹಾಗೆ ಮುಖ ಅರಳುತ್ತದೆ.

ಅತ್ತಿಗೆ ಹೊರಗೆ ಹೋಗಿದ್ದರು. ಇಬ್ಬರೇ ಇಸ್ಪೀಟು ಹಿಡಿದು ಕೂತೆವು. "ಬೆಳಿಗ್ಗೆ ಏನ್ ಮಾಡ್ದೆ?" ಅಂದೆ. "ಅಪ್ಪನ್ನ ಬ್ಯಾಂಕಿಗೆ ಕರ್ಕೊಂಡು ಹೋಗಿದ್ದೆ. ರಶ್ಶು. ಅಪ್ಪ ರೇಗಾಡಿಬಿಟ್ರು" ಅಂದ. ಅಪ್ಪ ಹೋಗಿ ಒಂಬತ್ತು ವರ್ಷ. ಈಗೀಗ ತಿದ್ದುವುದು ಬಿಟ್ಟಿದ್ದೇನೆ. ಸುಳ್ಳು ಹೇಳುತ್ತಾನೆ ಅಂತ ನಂಟರು ಆಡಿಕೊಳ್ಳುತ್ತಾರೆ. ನೆನಪು ಹರಿದ ಕಡೆ ಮಿದುಳು ತಾನೇ ತೇಪೆ ಹಾಕುತ್ತದೆ, ಅದು ತೇಪೆ ಅಂತ ಅವನಿಗೇ ತಿಳಿಯುವುದಿಲ್ಲ. ಎಲೆ ಕಲಸುವ ಕೈ ಮಾತ್ರ ಹಳೇ ಕೈಯೇ. ಎರಡಾಟ ಗೆದ್ದ, ಗೆದ್ದಿದ್ದನ್ನು ಮರೆತ.

ಅತ್ತಿಗೆಗೆ ಅವನ ಮಿದುಳಿನ ಈ ಕಾಯಿಲೆ ಕುಡಿತಕ್ಕೆ ಸಿಕ್ಕ ಶಿಕ್ಷೆ. ನಾನು ವಾದಿಸುತ್ತೇನೆ. 1881ರಲ್ಲಿ ಜರ್ಮನ್ ವೈದ್ಯ ವರ್ನಿಕೆ ಈ ಕಾಯಿಲೆಯನ್ನು ಮೊದಲು ವಿವರಿಸಿದ್ದು ಮೂವರು ರೋಗಿಗಳನ್ನು ನೋಡಿ. ಅವರಲ್ಲಿ ಒಬ್ಬಳು ಹೊಲಿಗೆಯವಳು. ಕುಡುಕಿಯಲ್ಲ, ಆಸಿಡ್ ನುಂಗಿ ವಾಂತಿ ನಿಲ್ಲದೆ ಸೊರಗಿದವಳು. ಹೊಟ್ಟೆಗೆ ಬಿ1 ವಿಟಮಿನ್ ಸೇರದಿದ್ದರೆ ಯಾರಿಗಾದರೂ ಬರಬಹುದು. ದೇಹದಲ್ಲಿ ಅದರ ದಾಸ್ತಾನು ಇರುವುದೇ ಸುಮಾರು 30 ಮಿಲಿಗ್ರಾಂ, ಎರಡು ಮೂರು ವಾರಕ್ಕೆ ಖಾಲಿ. ಕುಡಿಯುವವರಿಗೆ ಊಟವೂ ಅಷ್ಟಕ್ಕಷ್ಟೆ, ತಿಂದದ್ದೂ ಸರಿಯಾಗಿ ಹಿಡಿಯುವುದಿಲ್ಲ. ಇಷ್ಟೆಲ್ಲ ಪಾಠ ಒಪ್ಪಿಸುವ ನಾನು, ಅಣ್ಣನಿಗೆ ಇದು ಶುರುವಾದ ಆ ನಾಲ್ಕು ದಿನ ಏನು ಮಾಡುತ್ತಿದ್ದೆ?

ಕಾಲು ತಡವರಿಸುತ್ತಿತ್ತು. ಒಂದು ಲೋಟ ಎರಡಾಗಿ ಕಾಣುತ್ತದೆ ಅಂದ. ಮಾತು ಎಲ್ಲೆಲ್ಲಿಗೋ ಹೋಗುತ್ತಿತ್ತು. "ಮಲಗಿ ಎದ್ರೆ ಇಳಿಯತ್ತೆ ಬಿಡಿ" ಅಂತ ಅತ್ತಿಗೆಗೆ ಹೇಳಿದವನು ನಾನೇ. ವಾಂತಿಯಿಂದಾಗಿ ಅವನು ಕುಡಿಯುವುದನ್ನೇ ಬಿಟ್ಟು ವಾರವಾಗಿತ್ತಂತೆ. ಇಷ್ಟು ವರ್ಷ ಕುಡಿದು ಬಂದಾಗೆಲ್ಲ "ಇಲ್ಲ" ಅಂದದ್ದನ್ನು ನಂಬಿದ್ದೆವು, ಆವತ್ತು ನಿಜ ಹೇಳಿದಾಗ ನಕ್ಕೆವು.

ಮೊದಲ ಆಸ್ಪತ್ರೆಯಲ್ಲೂ ಅಮಲು ಅಂದರು, ಬರೀ ಗ್ಲೂಕೋಸ್ ಏರಿಸಿ ಕಳಿಸಿದರು. ಗ್ಲೂಕೋಸನ್ನು ಉರಿಸಲಿಕ್ಕೇ ಬಿ1 ಬೇಕು. ಅದನ್ನು ಕೊಡದೆ ಗ್ಲೂಕೋಸ್ ಹಾಕಿದರೆ ಇದ್ದಬದ್ದದ್ದೂ ಮುಗಿಯುತ್ತದೆ ಅಂತ ಎರಡನೇ ಕಡೆಯ ಡಾಕ್ಟರು ಹೇಳಿದ ಮೇಲೆ ಗೊತ್ತಾಯಿತು. ಅಲ್ಲಿ 500 ಮಿಲಿಗ್ರಾಂ ಬಿ1, ದಿನಕ್ಕೆ ಮೂರು ಸಲ, ನೇರ ರಕ್ತನಾಳಕ್ಕೆ. ಕಣ್ಣು ಮರುದಿನವೇ ಸರಿಯಾಯಿತು. ನಡಿಗೆಗೆ ತಿಂಗಳುಗಳು ಬೇಕಾದವು. ನೆನಪಿಗೆ ಇನ್ನೂ ಕಾಯುತ್ತಿದ್ದೇವೆ, ಅಂದರೆ ಅತ್ತಿಗೆ ಕಾಯುತ್ತಿದ್ದಾರೆ.

ತಲೆನೋವು. ಬರೆಯಬೇಕು ಅಂತ ಕೂತದ್ದು ಇದನ್ನಲ್ಲ.

ಮೂರನೇ ಆಟಕ್ಕೆ ಎಲೆ ಹಂಚುತ್ತಾ, ತಲೆ ಎತ್ತದೆ ಅಂದ: "ನಾನಾವತ್ತು ಕುಡಿದಿರ್ಲಿಲ್ಲ ಕಣೋ."

ನನ್ನ ಕೈಲಿದ್ದ ಎಲೆ ಕೆಳಗೆ ಬಿತ್ತು. "ಯಾವತ್ತು?" ಅಂದೆ.

"ಯಾವತ್ತು ಏನು? ಆಡು, ನಿಂದೇ ಆಟ."

ಅತ್ತಿಗೆ ಏನಾದರೂ ಅವನೆದುರು ಆ ಮಾತು ತೆಗೆದಿದ್ದರಾ? ಹಾಗಿದ್ದರೂ ಅವನಲ್ಲಿ ಅದು ಉಳಿಯುವುದು ಐದು ನಿಮಿಷ. ಇಲ್ಲ, ಇದೂ ಬ್ಯಾಂಕಿನ ಥರದ್ದೇ ಇನ್ನೊಂದು ತೇಪೆಯಾ. ನಾಳೆ ಫೋನ್ ಮಾಡಿ ಕೇಳೋಣ ಅಂದರೆ, ಏನಂತ ಕೇಳಲಿ