ಏರುದಾರಿಯಲ್ಲಿ ಕೆಮ್ಮುವ ಟ್ವೆಂಟಿ: ಆಟೋವ್ಯಾಕ್ ದುರಸ್ತಿಯ ದಿನಚರಿ

ಮೊದಲ ಶನಿವಾರ

ಇಂಗ್ಲೆಂಡಿನ ಡರ್ಬಿಯಲ್ಲಿ ನಮ್ಮ ಪಕ್ಕದ ಮನೆಯ ಹಿರಿಯರ ಬಳಿ 1926ರ ರೋಲ್ಸ್ ರಾಯ್ಸ್ ಟ್ವೆಂಟಿ ಇದೆ. ಆರು ಸಿಲಿಂಡರ್, 3127 ಸಿಸಿ, ಇದೇ ಊರಿನಲ್ಲಿ ಹುಟ್ಟಿದ ಕಾರು. ಸಮತಟ್ಟಾದ ರಸ್ತೆಯಲ್ಲಿ ಸದ್ದಿಲ್ಲದೆ ಓಡುತ್ತದೆ. ಆಶ್‌ಬೋರ್ನ್ ದಾಟಿ ಬಕ್ಸ್‌ಟನ್ ಕಡೆಯ ಏರು ಸಿಕ್ಕಿತೆಂದರೆ ಎರಡು ಸಲ ಕೆಮ್ಮಿ ನಿಂತುಬಿಡುತ್ತದೆ. ಹತ್ತು ನಿಮಿಷ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಮತ್ತೆ ಚಾಲೂ.

ನಾನು ಹಿಡಿದದ್ದು ಎಂಜಿನ್ನಿಗೆ ಕಿಡಿ ಒದಗಿಸುವ ಕಾಯಿಲ್‌ನ ಜುಟ್ಟು. ಬಿಸಿಯಾದ ಮೇಲೆ ಕೈಕೊಡುವ ಕಾಯಿಲ್‌ಗಳು ಎಷ್ಟೋ ಇವೆ. ಆದರೆ ಈ ಕಾರಿನಲ್ಲಿ ಮೀಸಲಿಗೆಂದು ಒಂದು ಮ್ಯಾಗ್ನೆಟೋ ಇದೆ, ಕಾಯಿಲ್ ಇಲ್ಲದೆಯೂ ಕಿಡಿ ಕೊಡುವಂಥದ್ದು. ಅದನ್ನು ಜೋಡಿಸಿಕೊಂಡು ಹೋದರೂ ಅದೇ ತಿರುವಿನಲ್ಲಿ ಅದೇ ಕೆಮ್ಮು. ಒಂದು ಶನಿವಾರ ಹಾಗೆ ಹೋಯಿತು.

ಎರಡನೆಯ ಶನಿವಾರ

ಹಾಗಾದರೆ ಪೆಟ್ರೋಲ್. ಹಿಂಬದಿಯ ಟ್ಯಾಂಕಿನಿಂದ ಪೆಟ್ರೋಲ್ ತರುವುದು ಪಂಪ್ ಅಲ್ಲ, ಆಟೋವ್ಯಾಕ್ ಎಂಬ ಡಬ್ಬಿ. ಡಬ್ಬಿಯೊಳಗೆ ಇನ್ನೊಂದು ಡಬ್ಬಿ. ಎಂಜಿನ್ನಿನ ಉಸಿರೆಳೆತದಿಂದ ಒಳಡಬ್ಬಿಗೆ ಪೆಟ್ರೋಲ್ ಏರುತ್ತದೆ. ತುಂಬಿದಾಗ ತೇಲುಬುರುಡೆ ಮೇಲೆದ್ದು ಎಳೆತವನ್ನು ಮುಚ್ಚಿ ಹೊರಗಾಳಿಗೆ ದಾರಿ ಬಿಡುತ್ತದೆ. ಆಗ ಪೆಟ್ರೋಲ್ ತಳದ ಕವಾಟದಿಂದ ಹೊರಡಬ್ಬಿಗೆ ಇಳಿದು, ಅಲ್ಲಿಂದ ತನ್ನ ಭಾರದಿಂದಲೇ ಕಾರ್ಬ್ಯುರೇಟರಿಗೆ ಹರಿಯುತ್ತದೆ. ಪ್ರತಿ ಸಲ ತುಂಬಿದಾಗ ‘ಟಿಕ್’ ಎಂಬ ಸದ್ದು.

ತೊಂದರೆ ಇರುವುದು ಏರಿನಲ್ಲಿ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಎಂಜಿನ್ನಿನ ಉಸಿರೆಳೆತ ಕುಗ್ಗುತ್ತದೆ, ಪೆಟ್ರೋಲ್ ಬೇಕಾಗುವುದು ಮಾತ್ರ ಆಗಲೇ ಹೆಚ್ಚು. ಜೊತೆಗೆ ಎಲ್ಲೋ ಗಾಳಿ ಸೋರಿದರೆ ಮುಗಿಯಿತು.

ಟ್ಯಾಂಕಿನಿಂದ ಬರುವ ಪೈಪಿನ ನಡುವೆ ಒಂದು ತುಂಡು ಪಾರದರ್ಶಕ ಕೊಳವೆ ಸಿಕ್ಕಿಸಿದೆ. ಗುಳ್ಳೆ ಬರಲಿಲ್ಲ, ಪೆಟ್ರೋಲ್ ಮಾತ್ರ ಸೋಮಾರಿಯಂತೆ ತೆವಳುತ್ತಿತ್ತು. ಅಂದರೆ ಸೋರಿಕೆ ಪೈಪಿನಲ್ಲಿಲ್ಲ, ಡಬ್ಬಿಯಲ್ಲೇ ಇದೆ. ಡಬ್ಬಿ ಬಿಚ್ಚಿ ತಳದ ಕವಾಟವನ್ನು ಗಾಜಿನ ಮೇಲೆ ಲೋಹದ ಪಾಲಿಶ್ ಹಚ್ಚಿ ಉಜ್ಜಿ ಕೂರಿಸಿದೆ. ತೇಲುಬುರುಡೆಯನ್ನು ಬಿಸಿನೀರಿನಲ್ಲಿ ಮುಳುಗಿಸಿ ನೋಡಿದೆ, ತೂತಿಲ್ಲ. ಮುಚ್ಚಳದ ಅಂಚಿನಲ್ಲಿ ಅಂಟಿದ್ದ ಕಂದು ಲೋಳೆಯನ್ನು ಬಟ್ಟೆಯಿಂದ ಒರೆಸಿ ಎಸೆದು, ಸಂದು ಮುಚ್ಚುವ ಹಳೆಯ ಗ್ಯಾಸ್ಕೆಟನ್ನೇ ಹಾಕಿ ಮುಚ್ಚಿದೆ. ಮರುದಿನ ಓಡಿಸಿದರೆ ಕೆಮ್ಮು ಮೊದಲಿಗಿಂತ ಬೇಗ ಬಂತು!

ಮೂರನೆಯ ಶನಿವಾರ

ಆ ಲೋಳೆಯೇ ಉತ್ತರವಾಗಿತ್ತು, ನಾನೇ ಒರೆಸಿ ಹಾಕಿದ್ದೆ. ಹಿಂದೆ ಯಾರೋ ಕಾರ್ಕ್ ಗ್ಯಾಸ್ಕೆಟಿಗೆ ಅರಗು ಬಳಿದು ಮುಚ್ಚಳ ಕೂರಿಸಿದ್ದರು. ಆ ಕಾಲಕ್ಕೆ ಸರಿಯಾದ ಕೆಲಸವೇ: ಪೆಟ್ರೋಲಿಗೆ ಅರಗು ಕರಗುವುದಿಲ್ಲ. ಆದರೆ ಆಲ್ಕೋಹಾಲಿಗೆ ಕರಗುತ್ತದೆ. 2021ರಿಂದ ಇಲ್ಲಿನ ಬಂಕ್‌ಗಳಲ್ಲಿ ಸಿಗುವ ಸಾಮಾನ್ಯ ಪೆಟ್ರೋಲಿನಲ್ಲಿ ಶೇ. 10ರವರೆಗೆ ಎಥನಾಲ್ ಎಂಬ ಆಲ್ಕೋಹಾಲ್ ಇರುತ್ತದೆ. ಹಿರಿಯರು ಕಳೆದ ವರ್ಷದಿಂದ ಅದನ್ನೇ ತುಂಬಿಸುತ್ತಿದ್ದರಂತೆ. ಬೆಂಕಿಯೇ ಇಲ್ಲದೆ ಕರಗಿದ ಅರಗಿನ ಮನೆ.

ಮುಚ್ಚಳವನ್ನು ಸಮತಟ್ಟು ಹಲಗೆಯ ಮೇಲಿಟ್ಟರೆ ಒಂದು ಮೂಲೆಯಲ್ಲಿ ಇಂಚಿನ ಸಾವಿರ ಭಾಗಗಳಲ್ಲಿ ಎಂಟರಷ್ಟು ಸಂದು. ತಿರುಪುಗಳನ್ನು ಯಾರೋ ಅತಿಯಾಗಿ ಬಿಗಿದು ಬಗ್ಗಿಸಿದ್ದಾರೆ. ನಯವಾದ ಎಮರಿ ಕಾಗದದ ಮೇಲೆ ಎಂಟರ ಆಕಾರದಲ್ಲಿ ಉಜ್ಜುತ್ತಾ ಕುಳಿತೆ. ನಡುವೆ ಎರಡು ಸಲ ಚಹಾ. ಎಥನಾಲ್ ತಡೆಯುವ ನೈಟ್ರೈಲ್ ರಬ್ಬರ್ ಬೆರೆತ ಕಾರ್ಕ್ ಹಾಳೆಯಿಂದ ಹೊಸ ಗ್ಯಾಸ್ಕೆಟ್ ಕತ್ತರಿಸಿ, ತಿರುಪುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದೆ. ಕೈಪಂಪಿನಿಂದ ಗಾಳಿ ಎಳೆದು ನಿಲ್ಲಿಸಿದರೆ ಮಾಪಕದ ಮುಳ್ಳು ಇದ್ದಲ್ಲಿಂದ ಕದಲಲಿಲ್ಲ, ಸೋರಿಕೆ ಇಲ್ಲ.

ಭಾನುವಾರ

ಬಕ್ಸ್‌ಟನ್ ರಸ್ತೆ. ಹಿರಿಯರೇ ಚಕ್ರ ಹಿಡಿದಿದ್ದರು. ಹಳೆಯ ಕೆಮ್ಮಿನ ತಿರುವು ದಾಟಿತು. ಮುಂದಿನ ಉದ್ದ ಏರಿನಲ್ಲಿ ಟಿಕ್ ಸದ್ದು ನಿಂತು ಹೋಯಿತು. ನನ್ನ ಕಿವಿ ಬಾನೆಟ್ಟಿನ ಕಡೆಗೇ. ಅವರು ನನ್ನತ್ತ ತಿರುಗಿಯೂ ನೋಡದೆ ಒಂದು ಕ್ಷಣ ಆಕ್ಸಿಲರೇಟರಿನಿಂದ ಕಾಲೆತ್ತಿದರು. ಟಿಕ್. ಮತ್ತೆ ಒತ್ತಿದರು.

ಈ ಉಪಾಯವನ್ನು ಮೊದಲೇ ಏಕೆ ಹೇಳಲಿಲ್ಲವೆಂದು ಕೇಳಿದೆ. ಡಬ್ಬಿ ಸೋರುತ್ತಿದ್ದಾಗ ಅದೂ ನಡೆಯುತ್ತಿರಲಿಲ್ಲವಲ್ಲ ಎಂದರು.