ಚೆನ್ನೈಯಿಂದ ಪಲಾಲಿಗೆ: ಜಾಫ್ನಾಕ್ಕೆ ವಿಮಾನದಲ್ಲಿ ಹೋಗುವವರಿಗೆ

ಶ್ರೀಲಂಕಾದ ಉತ್ತರ ತುದಿಯ ಜಾಫ್ನಾ ನೋಡಬೇಕೆನ್ನುವ ಬೆಂಗಳೂರಿನವರು ಕೊಲಂಬೊ ಸುತ್ತಿ ಬರಬೇಕಾಗಿಲ್ಲ. ಚೆನ್ನೈಯಿಂದ ಹೊರಡುವ ಸಣ್ಣ ಎಟಿಆರ್ ವಿಮಾನ ಸುಮಾರು ಒಂದೂಕಾಲು ಗಂಟೆಯಲ್ಲಿ ಪಾಕ್ ಜಲಸಂಧಿಯನ್ನು ದಾಟಿ, ಜಾಫ್ನಾದ ವಿಮಾನ ನಿಲ್ದಾಣವಿರುವ ಪಲಾಲಿಯಲ್ಲಿ ಇಳಿಸುತ್ತದೆ. ಬಲಬದಿಯ ಕಿಟಕಿಯ ಆಸನವನ್ನೇ ಕೇಳಿ ಪಡೆಯಿರಿ. ಮೋಡವಿಲ್ಲದ ದಿನ ಕೋಡಿಯಕ್ಕರೈಯಲ್ಲಿ ತಮಿಳುನಾಡಿನ ನೆಲ ಮುಗಿದು ಕಡಲು ತೆರೆದುಕೊಳ್ಳುವುದು ಕಾಣುತ್ತದೆ. ತಲೆಯ ಮೇಲಿನ ಗೂಡುಗಳು ಚಿಕ್ಕವಾದ್ದರಿಂದ ದೊಡ್ಡ ಕೈಚೀಲ ಬೇಡ. ಪ್ರವೇಶಾನುಮತಿಯ ನಿಯಮಗಳು ಆಗಾಗ ಬದಲಾಗುವುದರಿಂದ ಹೊರಡುವ ವಾರದಲ್ಲಿ ಇನ್ನೊಮ್ಮೆ ನೋಡಿಕೊಳ್ಳಿ.

ಇಳಿದ ಕೂಡಲೇ ಕ್ಯಾಮೆರಾ ತೆಗೆಯಬೇಡಿ. ಪಕ್ಕದಲ್ಲಿಯೇ ವಾಯುಪಡೆಯ ನೆಲೆಯಿದೆ, ಮತ್ತು ಈ ಓಡುದಾರಿ ಹುಟ್ಟಿದ್ದೇ ಯುದ್ಧಕ್ಕಾಗಿ: ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ವಾಯುಪಡೆ ಇದನ್ನು ನಿರ್ಮಿಸಿತು. ಯುದ್ಧ ಮುಗಿದ ಮೇಲೆ, 1947ರ ಡಿಸೆಂಬರ್ 10ರಂದು, ಏರ್ ಸಿಲೋನ್ ಸಂಸ್ಥೆಯ ಮೊತ್ತಮೊದಲ ವಿಮಾನ ಕೊಲಂಬೊ ಬಳಿಯ ರತ್ಮಲಾನದಿಂದ ಹೊರಟು, ಇಲ್ಲಿ ಇಳಿದು, ಮದರಾಸಿಗೆ ಹಾರಿತು. ಆ ಡಕೋಟಾ ವಿಮಾನದ ಹೆಸರು 'ಸೀತಾದೇವಿ'. ಲಂಕೆಯಿಂದ ನಮ್ಮ ಕಡೆಗೆ ಹೊರಟ ವಿಮಾನಕ್ಕೆ ಆ ಹೆಸರಿಟ್ಟವರ ಮೇಲೆ ನನಗೆ ತುಂಬ ಪ್ರೀತಿ ಹುಟ್ಟಿತು.

ಅಂತರ್ಯುದ್ಧದ ವರ್ಷಗಳಲ್ಲಿ ಪಲಾಲಿ ಮತ್ತೆ ಸೈನ್ಯದ ನೆಲೆಯಾಯಿತು. 1987ರ ಜೂನ್ 4ರಂದು ಶ್ರೀಲಂಕಾ ಸೈನ್ಯದ ಮುತ್ತಿಗೆಯಲ್ಲಿದ್ದ ಜಾಫ್ನಾಕ್ಕೆ ಆಹಾರ ಮತ್ತು ಔಷಧಗಳನ್ನು ಪ್ಯಾರಾಚೂಟಿನಿಂದ ಇಳಿಸಿದ ಭಾರತೀಯ ವಾಯುಪಡೆಯ ಐದು ಎಎನ್-32 ಸರಕು ವಿಮಾನಗಳು ಹೊರಟದ್ದು ಬೆಂಗಳೂರಿನಿಂದ ಎಂಬುದನ್ನು ನಮ್ಮವರು ಮರೆಯಬಾರದು. ಎರಡು ತಿಂಗಳೊಳಗೆ ಭಾರತದ ಶಾಂತಿಪಾಲನಾ ಪಡೆ ಇದೇ ಓಡುದಾರಿಯಲ್ಲಿ ಬಂದಿಳಿಯಿತು. 1990ರಲ್ಲಿ ಸುತ್ತಲಿನ ವಲಿಕಾಮಂ ಉತ್ತರದ ಜನ ಮನೆ, ತೋಟ, ದೇವಸ್ಥಾನಗಳನ್ನು ಬಿಟ್ಟು ಹೊರಡಬೇಕಾಯಿತು; ಅವರ ಊರುಗಳು ಸೈನ್ಯದ ಅತಿ ಭದ್ರತಾ ವಲಯದೊಳಗೆ ಸೇರಿಹೋದವು. 2019ರ ಅಕ್ಟೋಬರ್ 17ರಂದು ಇದು ಜಾಫ್ನಾ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವಾಗಿ ತೆರೆದುಕೊಂಡಿತಾದರೂ, ಕೋವಿಡ್ ಕಾರಣದಿಂದ ನಿಂತ ಸಂಚಾರ ಪುನಃ ಆರಂಭವಾದದ್ದು 2022ರ ಡಿಸೆಂಬರಿನಲ್ಲಿ.

ನಗರ ಸುಮಾರು 16 ಕಿಲೋಮೀಟರ್ ದಕ್ಷಿಣಕ್ಕಿದೆ. ವಾಹನವನ್ನು ವಸತಿಗೃಹದವರ ಮೂಲಕ ಮೊದಲೇ ಗೊತ್ತುಮಾಡಿಕೊಳ್ಳುವುದು ಒಳಿತು. ಮರಳುವ ದಿನ ಮಾತ್ರ ಬೆಳಿಗ್ಗೆಯೇ ಹೊರಟು, ಕೀರಿಮಲೈಯ ಕಡಲಂಚಿನ ಸಿಹಿನೀರಿನ ಕೊಳವನ್ನು ನೋಡಿ, ಮಯಿಲಿಟ್ಟಿ ಬಂದರಿನ ದಾರಿಯಾಗಿ ನಿಲ್ದಾಣಕ್ಕೆ ಬನ್ನಿ. ದಾರಿಯ ಬದಿಯಲ್ಲಿ ಛಾವಣಿಯಿಲ್ಲದ ಮನೆಗಳು ನಿಂತಿವೆ, ಕೆಲವುಗಳ ನಡುಮನೆಯಲ್ಲಿ ಮರ ಬೆಳೆದಿದೆ. ಅವು ಯಾರದೋ ಮನೆಗಳು. ಒಳಹೊಕ್ಕು ಚಿತ್ರ ತೆಗೆಯದಿರಿ. ಬಂದರನ್ನು ಸೈನ್ಯ 2017ರಲ್ಲಿ, ಇಪ್ಪತ್ತೇಳು ವರ್ಷಗಳ ನಂತರ, ಜನರಿಗೆ ಬಿಟ್ಟುಕೊಟ್ಟಿತು. ನಾನು ಹೋದ ಹೊತ್ತಿಗೆ ಮೀನುಗಾರರು ಬಲೆಗಳನ್ನು ಬಿಡಿಸಿ ಒಣಹಾಕುತ್ತಿದ್ದರು.